ಕೇಳಿದವರಿಗೆಲ್ಲ ಆಧಾರ್ ಕೊಡಬೇಕಿಲ್ಲ: ನಮ್ಮ ಮಾಹಿತಿಯನ್ನು ನಾವೇ ಕಾಯುವ ಬಗೆ

ಕಳೆದ ವರ್ಷ ಬಾಡಿಗೆ ಕರಾರಿನ ಪ್ರತಿ ತೆಗೆಸಲು ನಮ್ಮ ಬಡಾವಣೆಯ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಗಾಜಿನ ಮೇಲೆ ಅಂಟಿಸಿದ್ದ ವಾಟ್ಸ್‌ಆ್ಯಪ್ ಸಂಖ್ಯೆಗೆ ಎಲ್ಲರಂತೆ ನಾನೂ ಫೈಲ್ ಕಳುಹಿಸಿದೆ. ಅಂಗಡಿಯ ಹುಡುಗ ಅದನ್ನು ಹುಡುಕಲು ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್ ತೆರೆದ. ಪರದೆಯ ತುಂಬ ಸಣ್ಣ ಸಣ್ಣ ಚಿತ್ರಗಳು ಮೂಡಿದವು. ಸಾಲುಸಾಲಾಗಿ ಆಧಾರ್ ಕಾರ್ಡ್‌ಗಳು, ಪ್ಯಾನ್ ಕಾರ್ಡ್‌ಗಳು, ಪಾಸ್‌ಬುಕ್‌ನ ಮೊದಲ ಪುಟಗಳು, ಯಾರದೋ ಮಗಳ ಅಂಕಪಟ್ಟಿ, ಯಾರದೋ ರಕ್ತ ಪರೀಕ್ಷೆಯ ವರದಿ. ಅವನು ಕೆಳಕ್ಕೆ ಸರಿಸುತ್ತಲೇ ಹೋದ, ಅವು ಮುಗಿಯಲೇ ಇಲ್ಲ. ನನ್ನ ಹಿಂದೆ ನಿಂತಿದ್ದ ನಾಲ್ಕು ಮಂದಿಯೂ ಅದನ್ನೆಲ್ಲ ನೋಡುತ್ತಿದ್ದರು.

ಆ ಹುಡುಗ ಕೆಟ್ಟವನಲ್ಲ. ಅಳಿಸುವುದಕ್ಕೆ ಅವನಿಗೆ ಪುರುಸೊತ್ತಿಲ್ಲ, ಅಳಿಸು ಎಂದು ಹೇಳಿದವರೂ ಇಲ್ಲ. ನಾನು ಹೇಳಿದಾಗ ಅವನು ಒಂದು ಕ್ಷಣ ನನ್ನ ಮುಖ ನೋಡಿ, ನನ್ನ ಫೈಲನ್ನು ಅಳಿಸಿದ. ಹೇಳುವಾಗ ನನಗೆ ಸಂಕೋಚವಾದದ್ದು ನಿಜ. ನಮ್ಮ ಖಾಸಗಿ ಮಾಹಿತಿ ಕೈಜಾರುವುದು ಬಹುಮಟ್ಟಿಗೆ ಆ ಸಂಕೋಚದಿಂದಲೇ ಎಂದು ನನಗೆ ಮನವರಿಕೆಯಾಗಿದೆ. ಕೇಳಿದರು, ಕೊಟ್ಟೆವು. ಬೇಡ ಎಂದರೆ ಏನೆಂದುಕೊಳ್ಳುತ್ತಾರೋ ಎಂಬ ದಾಕ್ಷಿಣ್ಯ. ಆದ್ದರಿಂದ ಈ ಲೇಖನದಲ್ಲಿ ಮೊದಲು ನಾವೇ ಕೈಯಾರೆ ಕೊಡುವ ಕಾಗದಪತ್ರ, ಬೆರಳಚ್ಚು, ಫೋನ್ ಸಂಖ್ಯೆಗಳ ಮಾತು. ಪಾಸ್‌ವರ್ಡ್ ಇತ್ಯಾದಿ ಆಮೇಲೆ.

ದಾಕ್ಷಿಣ್ಯ ಬಿಡಲು ಧೈರ್ಯ ಬೇಕಿದ್ದರೆ ನಮ್ಮವರೇ ಒಬ್ಬರನ್ನು ನೆನೆಯಬಹುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಆಧಾರ್ ತೀರ್ಪಿನಲ್ಲಿ ಯೋಜನೆ ಉಳಿಯಿತಾದರೂ, ಬ್ಯಾಂಕ್ ಖಾತೆಗೂ ಮೊಬೈಲ್ ಸಂಪರ್ಕಕ್ಕೂ ಆಧಾರ್ ಜೋಡಣೆಯನ್ನು ಕಡ್ಡಾಯ ಮಾಡುವಂತಿಲ್ಲ ಎಂದಾಯಿತು. ಪಡಿತರ, ಸರ್ಕಾರದ ಸಹಾಯಧನ, ಪ್ಯಾನ್ ಜೋಡಣೆಗೆ ಆಧಾರ್ ಬೇಕು. ಲಾಡ್ಜ್‌ನ ಕೌಂಟರಿನಲ್ಲಿ, ಬಾಡಿಗೆ ಮನೆಯ ಮಾಲೀಕರಿಗೆ, ಕೊರಿಯರ್ ಕಚೇರಿಗೆ ಬೇಕಾಗಿರುವುದು ನೀವು ಯಾರೆಂಬ ಗುರುತು ಮಾತ್ರ. ಅದಕ್ಕೆ ಚಾಲನಾ ಪರವಾನಗಿಯೋ ಮತದಾರರ ಗುರುತಿನ ಚೀಟಿಯೋ ಸಾಕು ಎಂದು ಕೇಳಿ ನೋಡಿ, ಹತ್ತರಲ್ಲಿ ಏಳೆಂಟು ಕಡೆ ಒಪ್ಪುತ್ತಾರೆ ಎಂಬುದು ನನ್ನ ಅನುಭವ.

ಮೊದಲ ಹೆಜ್ಜೆ: ಆಧಾರ್ ಪ್ರತಿ ಕೊಡುವ ರೀತಿ

ಆಧಾರ್ ಕೊಡಲೇಬೇಕಾಗಿ ಬಂದಾಗ ಮುಸುಕು ಹಾಕಿದ ಪ್ರತಿಯನ್ನು ಕೊಡಿ. ಇದಕ್ಕೆ ಮಾಸ್ಕ್ಡ್ ಆಧಾರ್ ಎನ್ನುತ್ತಾರೆ. ಹನ್ನೆರಡು ಅಂಕಿಗಳಲ್ಲಿ ಮೊದಲ ಎಂಟು ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐನ ಮೈಆಧಾರ್ ಜಾಲತಾಣಕ್ಕೆ ಹೋಗಿ, ಆಧಾರ್ ಸಂಖ್ಯೆ ಮತ್ತು ಮೊಬೈಲಿಗೆ ಬರುವ ಒಟಿಪಿ ಕೊಟ್ಟು ಒಳಹೊಕ್ಕರೆ 'ಡೌನ್‌ಲೋಡ್ ಆಧಾರ್' ಎಂಬ ಆಯ್ಕೆ ಸಿಗುತ್ತದೆ. ಅಲ್ಲಿಯೇ ಮಾಸ್ಕ್ಡ್ ಆಧಾರ್ ಬೇಕೇ ಎಂದು ಕೇಳುವ ಸಣ್ಣ ಚೌಕವಿದೆ, ಅದರಲ್ಲಿ ಗುರುತು ಹಾಕಿ. ಜಾಲತಾಣದ ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಎಂದಿರುವುದನ್ನು ನೋಡಿಕೊಂಡೇ ಸಂಖ್ಯೆ ತುಂಬಿ.

ಇಳಿಸಿಕೊಂಡ ಫೈಲಿಗೆ ಒಂದು ಪಾಸ್‌ವರ್ಡ್ ಇರುತ್ತದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು, ಅದರ ಬೆನ್ನಿಗೆ ಹುಟ್ಟಿದ ವರ್ಷ. ಇದನ್ನು ಭದ್ರತೆ ಎಂದು ನಂಬಿ ಕೂರಬೇಡಿ. ನಿಮ್ಮ ಹೆಸರು, ವಯಸ್ಸು ಗೊತ್ತಿರುವ ಯಾರೇ ಆದರೂ ಅದನ್ನು ತೆರೆಯಬಹುದು. ಪೂರ್ತಿ ಸಂಖ್ಯೆಯಿರುವ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಹರಿಯಬಿಡದಿರುವುದೇ ಸರಿ.

2022ರ ಮೇ 27ರಂದು ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿ, ಆಧಾರ್‌ನ ಜೆರಾಕ್ಸ್ ಪ್ರತಿಯನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಮುಸುಕಿನ ಪ್ರತಿಯನ್ನು ಬಳಸಿ ಎಂದಿತ್ತು. ಜನ ತಪ್ಪಾಗಿ ಅರ್ಥೈಸಿಕೊಳ್ಳಬಹುದೆಂದು ಎರಡೇ ದಿನದಲ್ಲಿ ಸರ್ಕಾರ ಅದನ್ನು ಹಿಂಪಡೆದು, ಎಂದಿನಂತೆ ವಿವೇಚನೆಯಿಂದ ಬಳಸಿ ಎಂದಿತು. ಹಿಂಪಡೆದದ್ದು ಪ್ರಕಟಣೆಯನ್ನಷ್ಟೇ. ಮುಸುಕಿನ ಆಧಾರ್ ಸೌಲಭ್ಯ ಅಂದೂ ಇತ್ತು, ಇಂದೂ ಇದೆ. ಆ ಎರಡು ದಿನಗಳ ಸಲಹೆಯನ್ನು ನಾನು ಈಗಲೂ ಪಾಲಿಸುತ್ತೇನೆ.

ಕಾಗದದ ಪ್ರತಿ ಕೊಡುವಾಗ ಇನ್ನೊಂದು ಅಭ್ಯಾಸ ಇಟ್ಟುಕೊಳ್ಳಿ. ಪ್ರತಿಯ ಮೇಲೆ, ಅಕ್ಷರಗಳ ಮೇಲೆಯೇ ಹಾಯುವಂತೆ, ಅಡ್ಡಲಾಗಿ ಪೆನ್ನಿನಲ್ಲಿ ಬರೆಯಿರಿ: "ಮನೆ ಬಾಡಿಗೆ ಕರಾರಿಗೆ ಮಾತ್ರ". ಯಾರಿಗೆ ಕೊಟ್ಟದ್ದು, ಯಾವ ದಿನಾಂಕ ಎಂಬುದನ್ನೂ ಸೇರಿಸಿ ಸಹಿ ಮಾಡಿ. ಖಾಲಿ ಜಾಗದಲ್ಲಿ ಬರೆದರೆ ಕತ್ತರಿಸಿ ತೆಗೆಯಬಹುದು, ಫೋಟೊದ ಅಂಚನ್ನೂ ಹೆಸರನ್ನೂ ದಾಟಿ ಬರೆದದ್ದನ್ನು ತೆಗೆಯುವುದು ಕಷ್ಟ. ಅದೇ ಪ್ರತಿಯನ್ನು ಯಾರಾದರೂ ಬೇರೆ ಕಡೆ ಬಳಸಲು ಹೋದರೆ ಆ ಬರಹವೇ ಅವರ ವಿರುದ್ಧ ಸಾಕ್ಷಿ ಹೇಳುತ್ತದೆ.

ಜೆರಾಕ್ಸ್ ಅಂಗಡಿಯಲ್ಲಿ ಸಾಧ್ಯವಾದಷ್ಟೂ ಮೂಲ ಕಾರ್ಡನ್ನೇ ಯಂತ್ರದ ಗಾಜಿನ ಮೇಲಿಟ್ಟು ಪ್ರತಿ ತೆಗೆಸಿ. ಆಗ ಫೈಲ್ ಎಂಬುದೇ ಅವರ ಕಂಪ್ಯೂಟರಿಗೆ ಹೋಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಲೇಬೇಕಾದರೆ, ಕೆಲಸ ಮುಗಿದ ಮೇಲೆ 'ಎಲ್ಲರಿಗೂ ಅಳಿಸಿ' ಒತ್ತಿದರೆ ಸಾಲದು. ಅದು ಸಂದೇಶವನ್ನು ಅಳಿಸುತ್ತದೆ, ಕಂಪ್ಯೂಟರಿಗೆ ಇಳಿದ ಪ್ರತಿ ಹಾಗೆಯೇ ಕೂತಿರುತ್ತದೆ. ಡೌನ್‌ಲೋಡ್ಸ್‌ನಿಂದಲೂ ರೀಸೈಕಲ್ ಬಿನ್‌ನಿಂದಲೂ ಅಳಿಸಿಸಿ, ಕಣ್ಣಾರೆ ನೋಡಿ ಹೊರಡಿ. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಇಮೇಲ್ ತೆರೆಯುವ ಗೊಡವೆ ಬೇಡ. ಈಗಾಗಲೇ ತೆರೆದಿದ್ದರೆ, ಮನೆಗೆ ಬಂದು ಫೋನಿನಲ್ಲಿ ಗೂಗಲ್ ಖಾತೆಯ ಭದ್ರತೆ ಪುಟದಲ್ಲಿ 'ನಿಮ್ಮ ಸಾಧನಗಳು' ಎಂಬಲ್ಲಿ ನೋಡಿ, ಗುರುತು ಸಿಗದ ಕಂಪ್ಯೂಟರ್‌ಗಳಿಂದೆಲ್ಲ ಸೈನ್ ಔಟ್ ಮಾಡಿ.

ಎರಡನೆಯದು: ಬೆರಳಚ್ಚಿಗೆ ಬೀಗ

ಇದನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ. ಹಳ್ಳಿಯಲ್ಲಿರುವ ನಮ್ಮ ಹಿರಿಯರಿಗೆ ಅತಿ ಹೆಚ್ಚು ಬೇಕಾದದ್ದು ಇದೇ, ಅವರಿಗೆ ಅತಿ ಕಡಿಮೆ ಗೊತ್ತಿರುವುದೂ ಇದೇ.

ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಎಂಬುದೊಂದಿದೆ, ಎಇಪಿಎಸ್ ಎನ್ನುತ್ತಾರೆ. ಬ್ಯಾಂಕ್ ಶಾಖೆ ಇಲ್ಲದ ಊರಿನಲ್ಲಿ ಬ್ಯಾಂಕಿನ ಪ್ರತಿನಿಧಿಯೊಬ್ಬರು ಅಂಗೈ ಅಗಲದ ಯಂತ್ರ ಹಿಡಿದು ಕೂರುತ್ತಾರೆ. ಆಧಾರ್ ಸಂಖ್ಯೆ ಹೇಳಿ, ಬ್ಯಾಂಕಿನ ಹೆಸರು ಹೇಳಿ, ಬೆರಳಿಟ್ಟರೆ ಹಣ ಕೈಗೆ ಬರುತ್ತದೆ. ಪಿನ್ ಬೇಡ, ಒಟಿಪಿ ಬೇಡ, ಕಾರ್ಡ್ ಬೇಡ. ಓದುಬರಹ ಬಾರದವರಿಗೆ ಇದು ದೊಡ್ಡ ಉಪಕಾರ. ಕಳ್ಳನಿಗೂ ಅಷ್ಟೇ ಸಲೀಸು, ಯಾಕೆಂದರೆ ಅವನಿಗೂ ಬೇಕಾದದ್ದು ಆ ಮೂರೇ ಸಂಗತಿ.

2023ರಲ್ಲಿ ಮಂಗಳೂರು, ಬೆಂಗಳೂರು ಸೇರಿದಂತೆ ರಾಜ್ಯದ ಹಲವೆಡೆ ಹೀಗೆ ಹಣ ಕಳೆದುಕೊಂಡವರ ದೂರುಗಳು ಸಾಲಾಗಿ ಬಂದವು. ಅವರಲ್ಲಿ ಅನೇಕರು ಅದಕ್ಕೆ ಸ್ವಲ್ಪ ಮುಂಚೆ ಆಸ್ತಿ ನೋಂದಣಿ ಮಾಡಿಸಿದ್ದವರು. ಕ್ರಯಪತ್ರದಲ್ಲಿ ಹೆಬ್ಬೆಟ್ಟಿನ ಗುರುತೂ ಇರುತ್ತದೆ, ಆಧಾರ್ ಸಂಖ್ಯೆಯೂ ಇರುತ್ತದೆ. ಅಂಥ ಪತ್ರಗಳ ಪ್ರತಿ ವಂಚಕರ ಕೈಗೆ ಸಿಕ್ಕಿ, ಕಾಗದದ ಮೇಲಿನ ಗುರುತಿನಿಂದ ನಕಲಿ ಬೆರಳಚ್ಚು ತಯಾರಾಗಿ, ದೂರದ ಬಿಹಾರದಲ್ಲಿ ಕೂತು ಖಾತೆಯಿಂದ ಹಣ ತೆಗೆದಿದ್ದಾರೆಂದು ತನಿಖೆಯಲ್ಲಿ ಹೊರಬಿತ್ತು. ಒಮ್ಮೆಗೆ ಸಾವಿರಗಳ ಲೆಕ್ಕದಲ್ಲಿ, ಹತ್ತು ಸಾವಿರ ಮೀರದಂತೆ. ಖಾತೆದಾರರು ಯಾವ ಲಿಂಕನ್ನೂ ಒತ್ತಿರಲಿಲ್ಲ, ಯಾರಿಗೂ ಒಟಿಪಿ ಹೇಳಿರಲಿಲ್ಲ. ಮನೆ ಕೊಂಡದ್ದು, ಜಮೀನು ಭಾಗ ಮಾಡಿಕೊಂಡದ್ದು, ಇಷ್ಟೇ ಅವರು ಮಾಡಿದ್ದು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಹೆಬ್ಬೆರಳನ್ನು ಬದಲಿಸಲಾದೀತೇ?

ಬೆರಳನ್ನು ಬದಲಿಸಲಾಗದು, ಬೀಗ ಹಾಕಬಹುದು. ಅದು ಉಚಿತ, ಐದು ನಿಮಿಷದ ಕೆಲಸ:

1. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದೆಯೇ ನೋಡಿ. ಇಲ್ಲವಾದರೆ ಮೊದಲು ಆಧಾರ್ ಕೇಂದ್ರದಲ್ಲಿ ಅದನ್ನು ಸರಿಪಡಿಸಿ.
2. ಯುಐಡಿಎಐನ ಅಧಿಕೃತ ಆ್ಯಪ್ ಅಥವಾ ಮೈಆಧಾರ್ ಜಾಲತಾಣದಲ್ಲಿ ಒಟಿಪಿ ಮೂಲಕ ಒಳಹೋಗಿ.
3. 'ಲಾಕ್/ಅನ್‌ಲಾಕ್ ಬಯೋಮೆಟ್ರಿಕ್ಸ್' ಆಯ್ಕೆಯನ್ನು ಒತ್ತಿ, ಬೀಗ ಹಾಕಲು ಒಪ್ಪಿಗೆ ಕೊಡಿ.
4. ಅಲ್ಲೇ 'ದೃಢೀಕರಣ ಇತಿಹಾಸ'ವನ್ನೂ ತೆರೆದು ನೋಡಿ. ಹಿಂದಿನ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲಿ, ಯಾವ ದಿನ, ಬೆರಳಚ್ಚಿನಿಂದಲೋ ಒಟಿಪಿಯಿಂದಲೋ ಪರಿಶೀಲನೆಯಾಯಿತು ಎಂಬ ಪಟ್ಟಿ ಅದರಲ್ಲಿದೆ. ನಿಮಗೆ ಗೊತ್ತಿಲ್ಲದ ಸಾಲು ಕಂಡರೆ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ.

ಬೀಗ ಬಿದ್ದ ಮೇಲೆ ಬೆರಳಚ್ಚು, ಕಣ್ಣಿನ ಪಾಪೆ, ಮುಖ ಮೂರೂ ಕೆಲಸ ಮಾಡುವುದಿಲ್ಲ. ಒಟಿಪಿ ಮಾತ್ರ ನಡೆಯುತ್ತದೆ. ಎಂದರೆ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಟ್ಟಾಗ ಯಂತ್ರ ಒಪ್ಪುವುದಿಲ್ಲ, ಹೊಸ ಸಿಮ್ ಕೊಳ್ಳುವಾಗಲೂ ಒಪ್ಪುವುದಿಲ್ಲ, ನವೆಂಬರ್‌ನಲ್ಲಿ ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡುವಾಗಲೂ ಅಡ್ಡಿಯಾಗುತ್ತದೆ. ಅಂಥ ಹೊತ್ತಿಗೆ ಅದೇ ಜಾಗದಲ್ಲಿ ತಾತ್ಕಾಲಿಕವಾಗಿ ಬೀಗ ತೆರೆಯಬಹುದು. ಹತ್ತು ನಿಮಿಷದ ನಂತರ ಅದು ತಾನಾಗಿ ಮತ್ತೆ ಬೀಳುತ್ತದೆ.

ಊರಿನಲ್ಲಿರುವ ನನ್ನ ತಾಯಿಯ ಫೋನಿನಲ್ಲಿ ಇದನ್ನು ಮಾಡಿಕೊಟ್ಟಾಗ, ಮೊದಲ ತಿಂಗಳು ಅವರು ಮನೆಯಿಂದ ಹೊರಡುವಾಗಲೇ ಬೀಗ ತೆರೆದು, ಪಡಿತರದ ಸಾಲಿನಲ್ಲಿ ಅರ್ಧ ಗಂಟೆ ನಿಂತು, ಬೆರಳಿಟ್ಟಾಗ ಯಂತ್ರ ಕೂಗಿಕೊಂಡು ತಬ್ಬಿಬ್ಬಾದರು. ಈಗ ಮುಂದೆ ಇಬ್ಬರಿರುವಾಗ ಫೋನ್ ತೆಗೆಯುತ್ತಾರೆ. ಅಕ್ಕಪಕ್ಕದ ಮನೆಯವರಿಗೂ ಅವರೇ ಕಲಿಸಿದ್ದಾರೆ. ಎಇಪಿಎಸ್ ಬೇಡವೇ ಬೇಡ ಎನ್ನುವವರು ತಮ್ಮ ಬ್ಯಾಂಕ್ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಆ ಸೌಲಭ್ಯವನ್ನು ನಿಲ್ಲಿಸಿಕೊಡಿ ಎಂದು ಕೇಳಬಹುದು.

ಮೂರನೆಯದು: ಫೋನ್ ಸಂಖ್ಯೆ ಮತ್ತು ಸಿಮ್

ಬ್ಯಾಂಕು, ಆಧಾರ್, ಇಮೇಲ್, ಯುಪಿಐ ಎಲ್ಲದರ ಬೀಗದ ಕೈ ಈಗ ಹತ್ತು ಅಂಕಿಯ ಮೊಬೈಲ್ ಸಂಖ್ಯೆ. ಆದರೂ ಬಟ್ಟೆ ಅಂಗಡಿಯ ಬಿಲ್ ಕೌಂಟರಿನಲ್ಲಿ "ನಂಬರ್ ಹೇಳಿ ಸರ್" ಎಂದಾಗ, ಹಿಂದೆ ನಿಂತವರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿಬಿಡುತ್ತೇವೆ. ಮೊಬೈಲ್ ಸಂಖ್ಯೆ ಕೊಟ್ಟರೆ ಮಾತ್ರ ಬಿಲ್ ಎಂದು ಅಂಗಡಿಯವರು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಿನಲ್ಲಿಯೇ ಸೂಚಿಸಿದೆ. "ಬೇಡ, ಕಾಗದದ ಬಿಲ್ ಕೊಡಿ" ಎನ್ನಿ. ಅಷ್ಟೇ ಸಾಕು, ಜಗಳ ಬೇಕಿಲ್ಲ.

ಮುಂದೆ, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ನೋಡಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಸಂಖ್ಯೆ ಮತ್ತು ಒಟಿಪಿ ಕೊಟ್ಟರೆ ಪಟ್ಟಿ ಬರುತ್ತದೆ. ಒಬ್ಬರ ಹೆಸರಿನಲ್ಲಿ ಒಂಬತ್ತರವರೆಗೆ ಇರಲು ಅವಕಾಶವಿದೆ. ನಿಮ್ಮದಲ್ಲದ್ದು ಕಂಡರೆ ಅದರ ಎದುರು 'ನನ್ನ ಸಂಖ್ಯೆ ಅಲ್ಲ' ಎಂದು ಗುರುತಿಸಿ ದೂರು ಸಲ್ಲಿಸಿ. ಆ ಸಿಮ್‌ನಿಂದ ನಾಳೆ ಯಾರಿಗೋ ಮೋಸವಾದರೆ ಪೊಲೀಸರು ಮೊದಲು ಹುಡುಕುವುದು ನಿಮ್ಮನ್ನು.

ಸಿಮ್‌ಗೆ ಪಿನ್ ಹಾಕಿಡಿ ಎಂದರೆ ಹೆಚ್ಚಿನವರು ಅಚ್ಚರಿಪಡುತ್ತಾರೆ. ಮೆಜೆಸ್ಟಿಕ್‌ನ ನೂಕುನುಗ್ಗಲಿನಲ್ಲಿ ಫೋನ್ ಹೋಯಿತೆನ್ನಿ. ಫೋನಿಗೆ ಬೀಗವಿದೆ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಕಳ್ಳನಿಗೆ ಆ ಬೀಗ ಒಡೆಯಬೇಕಾಗಿಯೇ ಇಲ್ಲ. ಸಿಮ್ ಕಿತ್ತು ತನ್ನ ಫೋನಿಗೆ ಹಾಕಿಕೊಂಡರೆ ನಿಮಗೆ ಬರಬೇಕಾದ ಒಟಿಪಿಗಳೆಲ್ಲ ಅವನಿಗೆ ಬರುತ್ತವೆ. ಸಿಮ್‌ಗೆ ಪಿನ್ ಇದ್ದರೆ ಬೇರೆ ಫೋನಿಗೆ ಹಾಕಿದ ಕೂಡಲೇ ಅದು ಪಿನ್ ಕೇಳುತ್ತದೆ, ಮೂರು ಸಲ ತಪ್ಪಿದರೆ ಮುಚ್ಚಿಕೊಳ್ಳುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭದ್ರತೆಯ ಭಾಗದಲ್ಲಿ 'ಸಿಮ್ ಲಾಕ್' ಎಂದು ಹುಡುಕಿ. ಅದಕ್ಕೆ ಮುಂಚೆ ನಿಮ್ಮ ಮೊಬೈಲ್ ಕಂಪನಿಯ ಸಹಾಯವಾಣಿಯಿಂದ ಮೂಲ ಪಿನ್ ಯಾವುದೆಂದು ಕೇಳಿಕೊಳ್ಳಿ. ಅಂದಾಜಿನಲ್ಲಿ ಒತ್ತಿದರೆ ನಿಮ್ಮ ಸಿಮ್ ಅನ್ನು ನೀವೇ ಮುಚ್ಚಿಕೊಂಡಂತಾಗುತ್ತದೆ. ಜೊತೆಗೆ, ಬೀಗ ಬಿದ್ದ ಪರದೆಯ ಮೇಲೆ ಸಂದೇಶದ ಒಳಗಿನ ಮಾತು ಕಾಣದಂತೆ ಅಧಿಸೂಚನೆಗಳನ್ನು ಮರೆಮಾಡಿ. ಇಲ್ಲದಿದ್ದರೆ ಒಟಿಪಿ ಬೀಗದ ಹೊರಗೇ ತೋರುತ್ತದೆ.

ಇದ್ದಕ್ಕಿದ್ದಂತೆ ಗಂಟೆಗಟ್ಟಲೆ ನೆಟ್‌ವರ್ಕ್ ಇಲ್ಲವಾದರೆ, ಅದರಲ್ಲೂ ಪಕ್ಕದವರ ಅದೇ ಕಂಪನಿಯ ಫೋನ್ ಸರಿಯಾಗಿದ್ದರೆ, ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ನಕಲಿ ಸಿಮ್ ಪಡೆದಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ. ಬೇರೆ ಫೋನಿನಿಂದ ಕಂಪನಿಗೂ ಬ್ಯಾಂಕಿಗೂ ಕೂಡಲೇ ಕರೆ ಮಾಡಿ.

ಕೊಲ್ಲಿ ದೇಶಗಳಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರಿಗೆ ಒಂದು ಮಾತು. ಊರಿನ ಸಿಮ್ ಅನ್ನು ಮರೆತು ಬಿಟ್ಟರೆ, ತೊಂಬತ್ತು ದಿನ ಬಳಕೆಯಿಲ್ಲದ ಸಂಖ್ಯೆ ರದ್ದಾಗಬಹುದು, ಆಮೇಲೆ ಬೇರೆಯವರ ಪಾಲಾಗಬಹುದು. ಆ ಹೊಸಬರು ಪ್ರಾಮಾಣಿಕರೇ ಆಗಿದ್ದರೂ ನಿಮ್ಮ ಬ್ಯಾಂಕಿನ ಸಂದೇಶಗಳು ಅವರಿಗೆ ಹೋಗುತ್ತಿರುತ್ತವೆ. ಒಂದೋ ಸಣ್ಣ ರೀಚಾರ್ಜ್ ಮಾಡಿ ಸಂಖ್ಯೆಯನ್ನು ಉಳಿಸಿಕೊಳ್ಳಿ, ಇಲ್ಲವೇ ಬಿಡುವ ಮುನ್ನ ಬ್ಯಾಂಕು, ಆಧಾರ್, ಇಮೇಲ್, ವಾಟ್ಸ್‌ಆ್ಯಪ್ ಎಲ್ಲದರಲ್ಲೂ ಬದಲಿಸಿ.

ಫೋನ್ ಕಳೆದರೆ ಮಾಡುವ ಕೆಲಸದ ಕ್ರಮ ಹೀಗಿರಲಿ. ಮೊದಲು ಸಿಮ್ ನಿಲ್ಲಿಸಿ. ನಂತರ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಪೊಲೀಸ್ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ಅದೇ ಸಂಖ್ಯೆಯ ಹೊಸ ಸಿಮ್ ತೆಗೆದುಕೊಂಡು, ಸಂಚಾರ್ ಸಾಥಿಯಲ್ಲಿ ಕಳೆದ ಫೋನುಗಳಿಗೆಂದೇ ಇರುವ ಸಿಇಐಆರ್ ವಿಭಾಗದಲ್ಲಿ ಫೋನಿನ ಐಎಂಇಐ, ಎಂದರೆ ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ, ಕೊಟ್ಟು ಫೋನನ್ನೇ ಬಂದ್ ಮಾಡಿಸಿ. ಐಎಂಇಐ ತಿಳಿಯಲು ಇಂದೇ *#06# ಒತ್ತಿ, ಬಂದ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಕಳೆದ ಮೇಲೆ ಒತ್ತಲು ಫೋನ್ ಇರುವುದಿಲ್ಲ.

ನಾಲ್ಕನೆಯದು: ಫೋನಿನೊಳಗಿನ ಆ್ಯಪ್‌ಗಳು

ಸೆಟ್ಟಿಂಗ್ಸ್‌ನಲ್ಲಿ ಅನುಮತಿಗಳ ಪುಟ ತೆರೆಯಿರಿ. ಸ್ಥಳ, ಮೈಕ್, ಕ್ಯಾಮೆರಾ, ಸಂಪರ್ಕಗಳು, ಎಸ್‌ಎಂಎಸ್ ಇವು ಯಾವ ಯಾವ ಆ್ಯಪ್‌ಗಳಿಗೆ ಸಿಕ್ಕಿವೆ ಎಂದು ಒಂದೊಂದಾಗಿ ನೋಡಿ. ಟಾರ್ಚ್ ಆ್ಯಪ್‌ಗೆ ನಿಮ್ಮ ಸಂಪರ್ಕ ಪಟ್ಟಿ ಯಾಕೆ ಬೇಕು? ಪಂಚಾಂಗದ ಆ್ಯಪ್‌ಗೆ ಎಸ್‌ಎಂಎಸ್ ಓದುವ ಕೆಲಸವೇನು? ಕಾರಣ ಹೊಳೆಯದ ಕಡೆ ಅನುಮತಿ ತೆಗೆಯಿರಿ. ಸ್ಥಳಕ್ಕೆ 'ಆ್ಯಪ್ ಬಳಸುವಾಗ ಮಾತ್ರ' ಎಂಬುದು ಸಾಕು.

ಎಲ್ಲಕ್ಕಿಂತ ಎಚ್ಚರ ಬೇಕಿರುವುದು ಸಾಲದ ಆ್ಯಪ್‌ಗಳಲ್ಲಿ. ಸಂಪರ್ಕ ಪಟ್ಟಿಯನ್ನು ಕದ್ದುಕೊಂಡು, ಕಂತು ತಪ್ಪಿದ ದಿನ ಬೀಗರಿಗೆ, ಸಹೋದ್ಯೋಗಿಗಳಿಗೆ ಕರೆ ಮಾಡಿ ಮಾನ ಕಳೆಯುವ ದಂಧೆ ನಮ್ಮಲ್ಲಿ ಎಷ್ಟೋ ಕುಟುಂಬಗಳನ್ನು ನೋಯಿಸಿದೆ. ಸಾಲ ಕೊಡುವ ಆ್ಯಪ್‌ಗಳು ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋಟೊಗಳನ್ನು ಮುಟ್ಟುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿಯೇ ನಿಯಮ ಮಾಡಿದೆ. ಆದ್ದರಿಂದ ಗುರುತಿಸುವುದು ಸುಲಭ: ಸಂಪರ್ಕಗಳ ಅನುಮತಿ ಕೇಳಿದ ಸಾಲದ ಆ್ಯಪ್ ನಿಯಮ ಮುರಿದಂತೆಯೇ. ಅಲ್ಲಿಗೇ ಕೈಬಿಡಿ.

ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲುಗಳನ್ನು, ಎಂದರೆ ತೆರೆದರೆ ಫೋನಿಗೆ ಆ್ಯಪ್ ಹಾಕುವ ಫೈಲುಗಳನ್ನು, ತೆರೆಯಬೇಡಿ. ಮದುವೆಯ ಕರೆಯೋಲೆ, ಸಂಚಾರ ದಂಡದ ಚಲನ್, ಬ್ಯಾಂಕಿನ ಕೆವೈಸಿ ಎಂದು ಹೆಸರಿಟ್ಟು ಕಳುಹಿಸುತ್ತಾರೆ. ಕಳುಹಿಸಿದವರು ನಿಮ್ಮ ಸ್ವಂತ ಸೋದರಮಾವನೇ ಆಗಿರಬಹುದು, ಅವರ ಫೋನ್ ಅದಾಗಲೇ ವಂಚಕರ ಹಿಡಿತದಲ್ಲಿರುತ್ತದೆ. ಕರೆಯೋಲೆ ಚಿತ್ರವಾಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ಆ್ಯಪ್ ಆಗಿ ಎಂದೂ ಬರುವುದಿಲ್ಲ. ಆತುರದಲ್ಲಿ ತೆರೆದುಬಿಟ್ಟರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಮಾಡಿ, ಆ ಆ್ಯಪ್ ತೆಗೆದುಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ. ಬಂದ ಕರೆಯೋಲೆ ನಿಜವೇ ಎಂಬ ಅನುಮಾನವಿದ್ದರೆ ಮಾವನಿಗೇ ಫೋನ್ ಮಾಡಿ ಕೇಳಿ, ಮದುವೆಯ ಸುದ್ದಿಯನ್ನು ಬಾಯಿಂದಲೇ ಕೇಳುವುದು ಚೆಂದವೂ ಹೌದು.

ಗೃಹಲಕ್ಷ್ಮಿಯಂಥ ಯೋಜನೆಗಳ ಹೆಸರಿನಲ್ಲಿ ಹರಿದಾಡುವ ಲಿಂಕ್‌ಗಳಿಗೂ ಇದೇ ಮಾತು. ಅರ್ಜಿ ಹಾಕಬೇಕಿದ್ದರೆ ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬಾಪೂಜಿ ಸೇವಾ ಕೇಂದ್ರಕ್ಕೆ ಹೋಗಿ ವಿಚಾರಿಸಿ.

ಐದನೆಯದು: ಇಮೇಲ್, ಪಾಸ್‌ವರ್ಡ್, ವಾಟ್ಸ್‌ಆ್ಯಪ್

ಇವುಗಳ ಬಗ್ಗೆ ಸಾಕಷ್ಟು ಬರೆದಾಗಿದೆ, ಚಿಕ್ಕದಾಗಿ ಹೇಳುತ್ತೇನೆ. ಮುಖ್ಯ ಇಮೇಲ್‌ನ ಪಾಸ್‌ವರ್ಡ್ ಬೇರೆಲ್ಲೂ ಬಳಸದ್ದಾಗಿರಲಿ. ಉಳಿದ ಎಲ್ಲ ಖಾತೆಗಳ ಪಾಸ್‌ವರ್ಡ್ ಮರೆತಾಗ ಹೊಸದು ಬರುವುದು ಅಲ್ಲಿಗೇ. ಉದ್ದವೇ ಅದರ ಬಲ. ನಂಟಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೆ ನೆನಪಿನಲ್ಲೂ ಉಳಿಯುತ್ತದೆ, ಊಹಿಸಲೂ ಆಗದು. ಮಕ್ಕಳ ಹೆಸರು, ಮನೆದೇವರ ಹೆಸರು, ಗಾಡಿಯ ಸಂಖ್ಯೆ ಬೇಡ. ನೆನಪು ಕೈಕೊಡುವ ಹಿರಿಯರು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಟ್ಟುಕೊಂಡರೆ ತಪ್ಪೇನಿಲ್ಲ. ಬೀರುವಿಗೆ ಕೈಹಾಕಲು ಕಳ್ಳ ಮನೆಗೇ ಬರಬೇಕು.

ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆಗೆ ಆರು ಅಂಕಿಯ ಪಿನ್ ಇಡಿ. 'ಲಿಂಕ್ ಮಾಡಿದ ಸಾಧನಗಳು' ತೆರೆದು, ಎಂದೋ ಯಾವುದೋ ಕಂಪ್ಯೂಟರಿನಲ್ಲಿ ತೆರೆದಿಟ್ಟು ಮರೆತದ್ದನ್ನು ತೆಗೆಯಿರಿ. ಪ್ರೊಫೈಲ್ ಚಿತ್ರ ಸಂಪರ್ಕದಲ್ಲಿರುವವರಿಗೆ ಮಾತ್ರ ಕಾಣಲಿ. ನಿಮ್ಮನ್ನು ಗುಂಪಿಗೆ ಸೇರಿಸುವ ಅಧಿಕಾರವೂ ಅವರಿಗೆ ಮಾತ್ರ ಇರಲಿ.

ಕುಟುಂಬದ ಗುಂಪಿನ ವಿಷಯ ಹೇಳುವಾಗ ನನಗೆ ನೋವಾಗುತ್ತದೆ. ಚಿಕ್ಕಮ್ಮನ ಆಸ್ಪತ್ರೆಯ ವರದಿಯನ್ನು "ಯಾರಿಗಾದರೂ ಒಳ್ಳೆಯ ವೈದ್ಯರು ಗೊತ್ತೇ" ಎಂದು ಅಕ್ಕರೆಯಿಂದಲೇ ಹಾಕುತ್ತಾರೆ. ಅರವತ್ತು ಮಂದಿ ಇರುವ ಗುಂಪಿನಲ್ಲಿ ಚಿಕ್ಕಮ್ಮನನ್ನು ಒಂದು ಮಾತು ಕೇಳಿದವರಿಲ್ಲ. ಮಗುವಿನ ಶಾಲೆಯ ಗುರುತಿನ ಚೀಟಿ ಕಾಣುವ ಫೋಟೊದಲ್ಲಿ ಹೆಸರು, ತರಗತಿ, ಬಸ್ ನಿಲ್ದಾಣ, ತಂದೆಯ ಫೋನ್ ಸಂಖ್ಯೆ ಎಲ್ಲವೂ ಇರುತ್ತದೆ. ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೊರಟ ಫೋಟೊವನ್ನು ಹಿಂದಿರುಗಿದ ಮೇಲೆ ಹಾಕಿದರೂ ದೇವರ ದರ್ಶನದ ಪುಣ್ಯ ಕಡಿಮೆಯಾಗದು. ಇನ್ನೊಬ್ಬರ ಕಾಗದ, ಇನ್ನೊಬ್ಬರ ಮುಖ ಹಂಚುವ ಮುಂಚೆ ಅವರನ್ನು ಕೇಳಿ, ಮಕ್ಕಳನ್ನೂ ಕೇಳಿ.

ಮನೆಯವರೆಲ್ಲ ಸೇರಿ ಒಂದು ಗುರುತಿನ ಮಾತನ್ನು ಗೊತ್ತುಮಾಡಿಕೊಳ್ಳಿ. ಮಗನ ಧ್ವನಿಯಲ್ಲಿಯೇ "ಅಪಘಾತವಾಗಿದೆ, ಹಣ ಹಾಕು" ಎಂದು ಕರೆ ಬಂದರೆ ಆ ಮಾತನ್ನು ಕೇಳಿ. ಈಗ ಧ್ವನಿಯನ್ನೂ ನಕಲು ಮಾಡುತ್ತಾರೆ. ಪೊಲೀಸರ ಸಮವಸ್ತ್ರದಲ್ಲಿ ವಿಡಿಯೊ ಕರೆ ಮಾಡಿ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎಂದರೆ ಕರೆ ಕಡಿದುಹಾಕಿ. ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಅಂಥ ಬಂಧನವಿಲ್ಲ.

ಹಣ ಹೋದ ಮೇಲೆ

ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತದೆ, ಮೊದಲ ಒಂದೆರಡು ಗಂಟೆಗಳಲ್ಲಿ ತಡೆದರೆ ಸಿಗುವ ಸಾಧ್ಯತೆ ಹೆಚ್ಚು. ಖಾತೆ ಸಂಖ್ಯೆ, ವಹಿವಾಟಿನ ಸಂಖ್ಯೆ, ಸಮಯ ಇವನ್ನು ಕೈಯಲ್ಲಿಟ್ಟುಕೊಂಡು ಕರೆ ಮಾಡಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ಪೂರ್ತಿಗೊಳಿಸಿ. ಜಿಲ್ಲೆಗಳಲ್ಲಿ ಇಂಥ ಪ್ರಕರಣಗಳನ್ನು ನೋಡಿಕೊಳ್ಳುವ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳಿವೆ. ನಾಚಿಕೆಪಟ್ಟು ಮುಚ್ಚಿಡಬೇಡಿ. ಮೋಸ ಹೋದವರಲ್ಲಿ ವೈದ್ಯರಿದ್ದಾರೆ, ಎಂಜಿನಿಯರ್‌ಗಳಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ.

ಬ್ಯಾಂಕಿನಲ್ಲಿ ಬಾಯಿಮಾತಿಗೆ ನಿಲ್ಲಬೇಡಿ. ನಿಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರ ವಂಚನೆಯಿಂದ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆಯೇ ಇಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳುತ್ತದೆ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕೆಂದೂ ಅದರಲ್ಲಿದೆ. ಬೆರಳಚ್ಚಿನ ವಂಚನೆಗೆ ಒಳಗಾದವರಿಗೆ ಇದು ದೊಡ್ಡ ಆಸರೆ. ಒಟಿಪಿಯನ್ನು ನೀವೇ ಹೇಳಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದಾಗುತ್ತದೆ, ತಿಳಿಸಿದ ನಂತರದ್ದು ಬ್ಯಾಂಕಿನದು. ಹಾಗಾಗಿ ತಪ್ಪು ನಿಮ್ಮದೇ ಇದ್ದರೂ ತಡಮಾಡದೆ ತಿಳಿಸುವುದರಲ್ಲಿ ಲಾಭವಿದೆ. ಮೂವತ್ತು ದಿನವಾದರೂ ಬ್ಯಾಂಕ್ ಉತ್ತರ ಕೊಡದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448.

ಬ್ಯಾಂಕಿಗೆ ಕೊಡುವ ಪತ್ರವನ್ನು ಕನ್ನಡದಲ್ಲಿಯೇ ಬರೆಯಿರಿ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹಣ ಹೋಯಿತು, ನಿಮಗೆ ಯಾವಾಗ ಗೊತ್ತಾಯಿತು, 1930ರಲ್ಲಿ ಕೊಟ್ಟ ದೂರಿನ ಸಂಖ್ಯೆ ಯಾವುದು, ಇಷ್ಟು ಸಾಕು. ಎರಡು ಪ್ರತಿ ಮಾಡಿಸಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕರಿಸಿದವರ ಸಹಿ, ದಿನಾಂಕ, ಬ್ಯಾಂಕಿನ ಮೊಹರು ಹಾಕಿಸಿಕೊಂಡು ಬನ್ನಿ. ಮ್ಯಾನೇಜರ್ ನಾಳೆ ಬನ್ನಿ ಎಂದರೂ, ಆ ಮೊಹರು ಬೀಳುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.